ಭೌತಶಾಸ್ತ್ರ ಓದಲು ಎಲ್ಲಿಗೆ ಹೋಗಬೇಕು?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ಮೇಲೆ ಕೆಲವು ವಾರ ನಾಡಿನ ಸಾವಿರಾರು ಮನೆಗಳಲ್ಲಿ ಒಂದೇ ಮಾತು. ಸಿಇಟಿಯಲ್ಲಿ ಎಷ್ಟನೇ ರ್ಯಾಂಕು, ಯಾವ ಬ್ರಾಂಚು ಸಿಗಬಹುದು, ಸೀಟಿಗೆ ಎಷ್ಟು ಖರ್ಚು. ಈ ಗದ್ದಲದ ನಡುವೆ ಅಲ್ಲೊಬ್ಬ ಹುಡುಗ, ಇಲ್ಲೊಬ್ಬ ಹುಡುಗಿ ‘ನಾನು ಫಿಸಿಕ್ಸ್ ಓದುತ್ತೇನೆ’ ಎಂದುಬಿಟ್ಟರೆ ಮನೆಯವರೆಲ್ಲ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಎರಡು ಪ್ರಶ್ನೆಗಳು ಬರುತ್ತವೆ. ಓದಿ ಏನು ಮಾಡುತ್ತೀ? ಎಲ್ಲಿ ಓದುತ್ತೀ?

ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಎರಡನೆಯದಕ್ಕೆ ಸಾಮಾನ್ಯವಾಗಿ ಸಿಗುವುದು ಹೆಸರುಗಳ ಪಟ್ಟಿ ಮಾತ್ರ. ಇದು ಹಳೆಯ ಕಾಲೇಜು, ಅದು ಕೇಂದ್ರ ಸರ್ಕಾರದ ಸಂಸ್ಥೆ, ಮತ್ತೊಂದಕ್ಕೆ ಹೆಚ್ಚಿನ ಶ್ರೇಣಿ ಸಿಕ್ಕಿದೆ. ಆದರೆ ಭೌತಶಾಸ್ತ್ರದ ಪದವಿಗಾಗಿ ವಿದ್ಯಾಸಂಸ್ಥೆಯನ್ನು ಹುಡುಕುವ ಕೆಲಸಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. ಹೆಸರನ್ನು ನಂಬಿ ಹೋದವರು, ಬಡತನದಿಂದ ಹತ್ತಿರದಲ್ಲೇ ಉಳಿದವರು, ವೈದ್ಯರ ಮಾತಿನಿಂದ ಹಡಗು ಹತ್ತಲಾಗದವರು, ರೈಲು ತಪ್ಪಿದ್ದರಿಂದ ವಿಶ್ವವಿದ್ಯಾಲಯವನ್ನೇ ಬದಲಿಸಿದವರು ಎಲ್ಲರೂ ಅದರಲ್ಲಿದ್ದಾರೆ. ಅವರಲ್ಲಿ ಕೆಲವರ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಪಟ್ಟಿಗಳು ಹೇಳದ ಕೆಲವು ಸಂಗತಿಗಳು ತಿಳಿಯುತ್ತವೆ.

ಹೆಸರು ದೊಡ್ಡದು, ಪಾಠ ಸಪ್ಪೆ

1874ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಭೌತಶಾಸ್ತ್ರ ಓದಬೇಕೆಂದು ಅಲ್ಲಿನ ಪ್ರಾಧ್ಯಾಪಕ ಫಿಲಿಪ್ ಫಾನ್ ಯೋಲಿ ಅವರನ್ನು ಕಂಡ. ಯೋಲಿ ಅವನನ್ನು ಹುರಿದುಂಬಿಸಲಿಲ್ಲ. ಈ ಶಾಸ್ತ್ರ ಹೆಚ್ಚು ಕಡಿಮೆ ಪೂರ್ಣಗೊಂಡಿದೆ, ಇನ್ನು ಉಳಿದಿರುವುದು ಮೂಲೆಗಳಲ್ಲಿನ ದೂಳು ಒರೆಸುವ ಕೆಲಸವಷ್ಟೇ ಎಂಬುದು ಅವರ ಮಾತಿನ ಸಾರಾಂಶ. ಹುಡುಗ ಆ ಮಾತಿಗೆ ಹೆದರದೆ ಸೇರಿಕೊಂಡ. ಅವನ ಹೆಸರು ಮ್ಯಾಕ್ಸ್ ಪ್ಲಾಂಕ್. 1900ರಲ್ಲಿ ಕ್ವಾಂಟಂ ಕಲ್ಪನೆಯನ್ನು ಮುಂದಿಟ್ಟು ‘ಪೂರ್ಣಗೊಂಡ’ ಭೌತಶಾಸ್ತ್ರದ ಅಡಿಪಾಯವನ್ನೇ ಅಲುಗಾಡಿಸಿದವನು ಅವನೇ.

ಈ ಕಥೆಯ ಮುಂದಿನ ಭಾಗ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಕಾಲದ ಜರ್ಮನಿಯಲ್ಲಿ ವಿದ್ಯಾರ್ಥಿಗಳು ಒಂದು ವಿಶ್ವವಿದ್ಯಾಲಯದಿಂದ ಮತ್ತೊಂದಕ್ಕೆ ಹೋಗಿ ಕೆಲಕಾಲ ಓದಿ ಬರುವ ಪದ್ಧತಿ ಇತ್ತು. 1877ರಲ್ಲಿ ಪ್ಲಾಂಕ್ ಬರ್ಲಿನ್‌ಗೆ ಹೋದ. ಅಲ್ಲಿದ್ದವರು ಹೆಲ್ಮ್‌ಹೋಲ್ಟ್ಸ್ ಮತ್ತು ಕಿರ್ಖಾಫ್. ಆಗಿನ ಯುರೋಪಿನಲ್ಲಿ ಅವರಿಗಿಂತ ದೊಡ್ಡ ಹೆಸರುಗಳು ಹೆಚ್ಚಿರಲಿಲ್ಲ. ಆದರೆ ಹೆಲ್ಮ್‌ಹೋಲ್ಟ್ಸ್ ಪಾಠಕ್ಕೆ ಸಿದ್ಧತೆಯಿಲ್ಲದೆ ಬರುತ್ತಿದ್ದರು, ಲೆಕ್ಕ ತಪ್ಪುತ್ತಿದ್ದರು. ಕಿರ್ಖಾಫ್ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡು ಬಂದು ಬಾಯಿಪಾಠದಂತೆ ಒಪ್ಪಿಸುತ್ತಿದ್ದರು. ಪ್ಲಾಂಕ್‌ಗೆ ಶಾಖದ ಸಿದ್ಧಾಂತ ನಿಜವಾಗಿ ದಕ್ಕಿದ್ದು ಕ್ಲಾಸಿಯಸ್ ಅವರ ಬರಹಗಳನ್ನು ತಾನೇ ಕುಳಿತು ಓದಿದಾಗ. ಹಾಗೆಂದು ಬರ್ಲಿನ್‌ಗೆ ಹೋದದ್ದು ವ್ಯರ್ಥವೆಂದು ಅವನು ಭಾವಿಸಲಿಲ್ಲ. ಜಗತ್ತಿನಲ್ಲಿ ಎಲ್ಲೆಲ್ಲಿ ಏನೇನು ಕೆಲಸ ನಡೆಯುತ್ತಿದೆ ಎಂಬುದು ಅಲ್ಲಿ ತಿಳಿಯುತ್ತಿತ್ತು. ದೊಡ್ಡ ವಿಜ್ಞಾನಿ ಇರುವ ಸ್ಥಳ ಬೇರೆ, ಒಳ್ಳೆಯ ಪಾಠ ಸಿಗುವ ಸ್ಥಳ ಬೇರೆ ಆಗಿರಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಹುಡುಕಬೇಕಾಗಿಲ್ಲ.

ಪರೀಕ್ಷೆ ನಡೆಸಲೆಂದೇ ಹುಟ್ಟಿದವು

ಭಾರತದಲ್ಲಿ ಸಮಸ್ಯೆಯ ಸ್ವರೂಪವೇ ಬೇರೆಯಾಗಿತ್ತು. 1857ರಲ್ಲಿ ಕಲ್ಕತ್ತೆ, ಮುಂಬಯಿ ಮತ್ತು ಮದರಾಸಿನಲ್ಲಿ ಸ್ಥಾಪನೆಯಾದ ಮೂರು ವಿಶ್ವವಿದ್ಯಾಲಯಗಳು ಆಗಿನ ಲಂಡನ್ ವಿಶ್ವವಿದ್ಯಾಲಯದ ಮಾದರಿಯನ್ನು ಅನುಸರಿಸಿದ್ದವು. ಅಂದರೆ ಅವು ಪಾಠ ಹೇಳುವ ಸಂಸ್ಥೆಗಳಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳು. ಪಾಠ ನಡೆಯುತ್ತಿದ್ದುದು ಅವುಗಳಿಗೆ ಸೇರಿದ ಕಾಲೇಜುಗಳಲ್ಲಿ. ಪಠ್ಯಕ್ರಮ ಒಂದು ಕಡೆ, ಮೇಷ್ಟರು ಇನ್ನೊಂದು ಕಡೆ. ಪರೀಕ್ಷೆಗೆ ಬಾರದ ವಿಷಯವನ್ನು ಹೇಳಿಕೊಡಲು ಮೇಷ್ಟರಿಗೂ ಕಾರಣವಿರಲಿಲ್ಲ, ಕೇಳಲು ಹುಡುಗರಿಗೂ ಪುರುಸೊತ್ತಿರಲಿಲ್ಲ. ವಿಶ್ವವಿದ್ಯಾಲಯಗಳೇ ಬೋಧನೆ ಮತ್ತು ಸಂಶೋಧನೆಯನ್ನು ಕೈಗೊಳ್ಳಲು ಕಾನೂನಿನ ಸ್ಪಷ್ಟ ಅವಕಾಶ ದೊರೆತದ್ದು 1904ರ ಭಾರತೀಯ ವಿಶ್ವವಿದ್ಯಾಲಯಗಳ ಕಾಯಿದೆ ಬಂದ ಮೇಲೆ.

ಆದ್ದರಿಂದ ಆ ಕಾಲದ ವಿದ್ಯಾರ್ಥಿ ವಿಶ್ವವಿದ್ಯಾಲಯವನ್ನು ಆರಿಸುತ್ತಿರಲಿಲ್ಲ, ಕಾಲೇಜನ್ನು ಆರಿಸುತ್ತಿದ್ದ. ಆ ಆಯ್ಕೆಯೂ ಬಹುಪಾಲು ಊರು, ಜಾತಿ, ಹಣ ಮತ್ತು ವಿದ್ಯಾರ್ಥಿವೇತನಗಳಿಂದ ತೀರ್ಮಾನವಾಗುತ್ತಿತ್ತು.

ಚಂದ್ರಶೇಖರ ವೆಂಕಟರಾಮನ್ 1903ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದಾಗ ಆತನಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಆಗ ಅಲ್ಲಿ ಭೌತಶಾಸ್ತ್ರ ಓದಿದವರಿಗೂ ಸಿಗುತ್ತಿದ್ದುದು ಬಿ.ಎ. ಪದವಿ. 1904ರಲ್ಲಿ ಮೊದಲ ಸ್ಥಾನದೊಂದಿಗೆ ರಾಮನ್ ತೇರ್ಗಡೆಯಾದ. ಇಂಗ್ಲೆಂಡಿಗೆ ಹೋಗಿ ಓದು ಎಂದು ಅಧ್ಯಾಪಕರು ಹೇಳಿದರು. ಆದರೆ ಈ ದುರ್ಬಲ ಶರೀರದ ಹುಡುಗ ಅಲ್ಲಿನ ಚಳಿಯನ್ನು ತಾಳಲಾರ ಎಂದು ಮದರಾಸಿನ ಸಿವಿಲ್ ಸರ್ಜನ್ ತೀರ್ಪು ಕೊಟ್ಟರು. ಹೀಗಾಗಿ ಎಂ.ಎ. ಕೂಡ ಅಲ್ಲಿಯೇ.

ಹಾಗಾದರೆ ಪ್ರೆಸಿಡೆನ್ಸಿ ಕಾಲೇಜು ರಾಮನ್‌ಗೆ ಏನು ಕೊಟ್ಟಿತು? ಸಂಶೋಧನೆಯ ಮಾರ್ಗದರ್ಶನವನ್ನಂತೂ ಕೊಡಲಿಲ್ಲ, ಏಕೆಂದರೆ ಅಲ್ಲಿ ಸಂಶೋಧನೆಯೇ ನಡೆಯುತ್ತಿರಲಿಲ್ಲ. ಪ್ರಾಧ್ಯಾಪಕ ಜೋನ್ಸ್ ಅವರು ಕೊಟ್ಟದ್ದು ಎರಡು ಸಂಗತಿ. ತರಗತಿಗೆ ಕಡ್ಡಾಯವಾಗಿ ಬರಬೇಕೆಂದು ಕಾಡಲಿಲ್ಲ, ಪ್ರಯೋಗಾಲಯದ ಬಾಗಿಲನ್ನು ಮುಚ್ಚಲಿಲ್ಲ. ಎಲ್ಲ ಕಾಲೇಜುಗಳಲ್ಲೂ ಮಾಡಿಸುವಂತೆ ಸ್ಪೆಕ್ಟ್ರೋಮೀಟರಿನಲ್ಲಿ ಪ್ರಿಸಂನ ಕೋನವನ್ನು ಅಳೆಯುವಾಗ ಕಂಡ ಬೆಳಕಿನ ಪಟ್ಟೆಗಳ ಬಗ್ಗೆ ರಾಮನ್ ತಾನಾಗಿಯೇ ಯೋಚಿಸಿದ, ಅಳೆದ, ಬರೆದ. 1906ರಲ್ಲಿ ಆ ಲೇಖನ ಲಂಡನ್ನಿನ ‘ಫಿಲಸಾಫಿಕಲ್ ಮ್ಯಾಗಜೀನ್’ನಲ್ಲಿ ಪ್ರಕಟವಾಯಿತು. ಲೇಖಕನಿಗೆ ಆಗ ಹದಿನೆಂಟು ವರ್ಷ. ಉಪಕರಣ ಸಾಧಾರಣದ್ದೇ. ಆದರೆ ಅದನ್ನು ಮುಟ್ಟಲು, ಪರೀಕ್ಷೆಗೆ ಬೇಡದ ಕೆಲಸಕ್ಕೂ ಬಳಸಲು ವಿದ್ಯಾರ್ಥಿಗೆ ಬಿಡುವಿತ್ತು.

ರೈಲು ತಪ್ಪಿದ್ದರಿಂದ ಕೇಂಬ್ರಿಜ್

ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಕಥೆ ಇದಕ್ಕಿಂತ ಭಿನ್ನ. ಅಲ್ಲಿ ಜಗದೀಶಚಂದ್ರ ಬೋಸ್ ಮತ್ತು ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್ ಇದ್ದರು. ಢಾಕಾ ಬಳಿಯ ಹಳ್ಳಿಯ ಸಣ್ಣ ಅಂಗಡಿಕಾರನ ಮಗ ಮೇಘನಾದ ಸಾಹಾ 1911ರಲ್ಲಿ ಅಲ್ಲಿಗೆ ಬಂದರು. ಬ್ರಿಟಿಷರ ವಿರುದ್ಧದ ಬಹಿಷ್ಕಾರದಲ್ಲಿ ಪಾಲ್ಗೊಂಡದ್ದಕ್ಕೆ ಶಾಲಾ ದಿನಗಳಲ್ಲೇ ವಿದ್ಯಾರ್ಥಿವೇತನ ಕಳೆದುಕೊಂಡಿದ್ದ ಹುಡುಗ ಅವರು. ಹಾಸ್ಟೆಲಿನಲ್ಲಿ ಜಾತಿಯ ಕಾರಣಕ್ಕೆ ಅವಮಾನವನ್ನೂ ಉಣ್ಣಬೇಕಾಯಿತು. ಆದರೆ ತರಗತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದವರು ಸತ್ಯೇಂದ್ರನಾಥ ಬೋಸ್. 1915ರ ಎಂ.ಎಸ್ಸಿ. ಪರೀಕ್ಷೆಯಲ್ಲಿ ಬೋಸರಿಗೆ ಮೊದಲ ಸ್ಥಾನ, ಸಾಹಾರಿಗೆ ಎರಡನೆಯದು.

ಗಮನಿಸಬೇಕಾದ ಸಂಗತಿಯೆಂದರೆ ಇಬ್ಬರೂ ಪಡೆದದ್ದು ಗಣಿತದ ಪದವಿ, ಭೌತಶಾಸ್ತ್ರದ್ದಲ್ಲ. ಕುಲಪತಿ ಆಶುತೋಷ ಮುಖರ್ಜಿಯವರ ಪ್ರಯತ್ನದಿಂದ 1914ರಲ್ಲಿ ಸ್ಥಾಪನೆಯಾಗಿದ್ದ ಕಲ್ಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದ ಮೇಲೆ, ಹೊಸ ಭೌತಶಾಸ್ತ್ರವನ್ನು ಅವರು ತಾವೇ ಕಲಿತು ಹುಡುಗರಿಗೆ ಕಲಿಸಿದರು. ಅದಕ್ಕಾಗಿ ಜರ್ಮನ್ ಭಾಷೆಯನ್ನೂ ಕಲಿತರು. ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿಯವರ ಸಾಪೇಕ್ಷತಾ ಸಿದ್ಧಾಂತದ ಲೇಖನಗಳಿಗೆ ಅವರಿಬ್ಬರೂ ಮಾಡಿದ ಇಂಗ್ಲಿಷ್ ಅನುವಾದವನ್ನು 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯವೇ ಪ್ರಕಟಿಸಿತು. ಗೊತ್ತಿಲ್ಲದ್ದನ್ನು ಸೇರಿ ಓದಲು ಸಮಾನ ಆಸಕ್ತಿಯ ಒಬ್ಬ ಗೆಳೆಯನಿದ್ದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಈ ಜೋಡಿ ಸಾಕ್ಷಿ.

ಅದೇ ಕಾಲೇಜಿನಿಂದ ಇವರಿಗಿಂತ ಮೊದಲು, 1912ರಲ್ಲಿ, ಭೌತಶಾಸ್ತ್ರದ ಆನರ್ಸ್ ಪದವಿ ಪಡೆದವರು ಪ್ರಶಾಂತಚಂದ್ರ ಮಹಾಲನೋಬಿಸ್. ಲಂಡನ್ ವಿಶ್ವವಿದ್ಯಾಲಯದಲ್ಲಿ ಓದುವ ಉದ್ದೇಶದಿಂದ ಇಂಗ್ಲೆಂಡಿಗೆ ಹೋದ ಅವರು ಒಂದು ದಿನ ಕೇಂಬ್ರಿಜ್ ನೋಡಿ ಬರಲು ಹೊರಟರು. ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಸೊಬಗನ್ನು ನೋಡುತ್ತ ನಿಂತವರಿಗೆ ಲಂಡನ್‌ಗೆ ಮರಳುವ ಕೊನೆಯ ರೈಲು ತಪ್ಪಿತು. ರಾತ್ರಿ ಗೆಳೆಯರೊಬ್ಬರಲ್ಲಿ ಉಳಿದರು. ಅಷ್ಟು ಇಷ್ಟವಾದರೆ ಇಲ್ಲಿಯೇ ಏಕೆ ಸೇರಬಾರದು ಎಂಬ ಸಲಹೆ ಬಂತು. ಮರುದಿನವೇ ಸಂದರ್ಶನ, ಪ್ರವೇಶ ಎರಡೂ ಆದವು. 1915ರಲ್ಲಿ ಅಲ್ಲಿ ಭೌತಶಾಸ್ತ್ರದಲ್ಲಿ ಪ್ರಥಮ ದರ್ಜೆ ಪಡೆದ ಅವರು ಮುಂದೆ ಹೆಸರಾದದ್ದು ಸಂಖ್ಯಾಶಾಸ್ತ್ರಜ್ಞರಾಗಿ. ಆಯ್ಕೆಗಳೆಲ್ಲ ಲೆಕ್ಕಾಚಾರದಿಂದಲೇ ಆಗುತ್ತವೆ ಎಂದು ತಿಳಿದು ಈಗ ನಿದ್ದೆಗೆಡುವ ತಂದೆ ತಾಯಿಗಳು ಈ ಪ್ರಸಂಗವನ್ನು ನೆನೆದು ಸ್ವಲ್ಪ ಹಗುರಾಗಬಹುದು.

ತಂದೆಯ ಮಾತು, ಮಗನ ಒಲವು

ಎಂಜಿನಿಯರಿಂಗೋ ಭೌತಶಾಸ್ತ್ರವೋ ಎಂಬ ಜಗಳವೂ ಇಂದು ನಿನ್ನೆಯದಲ್ಲ. ಹೋಮಿ ಭಾಭಾ 1927ರಲ್ಲಿ ಕೇಂಬ್ರಿಜ್ ಸೇರಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು. ಟಾಟಾ ಮನೆತನದ ಬಂಧುವಾದ ಮಗ ಮರಳಿ ಬಂದು ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಲಿ ಎಂಬುದು ಮನೆಯವರ ಆಸೆ. ಮರುವರ್ಷವೇ ಮಗ ತಂದೆಗೆ ಪತ್ರ ಬರೆದು ತನಗೆ ಬೇಕಾದದ್ದು ಭೌತಶಾಸ್ತ್ರ ಎಂದು ಒತ್ತಿ ಹೇಳಿದ. ತಂದೆ ಸಿಟ್ಟಾಗಲಿಲ್ಲ, ತಕ್ಷಣ ಒಪ್ಪಲೂ ಇಲ್ಲ. ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ತಂದರೆ ಇನ್ನೆರಡು ವರ್ಷ ಗಣಿತ ಓದಲು ಹಣ ಕೊಡುವುದಾಗಿ ಮಾತು ಕೊಟ್ಟರು. 1930ರಲ್ಲಿ ಮೊದಲನೆಯದರಲ್ಲಿ ಪ್ರಥಮ ದರ್ಜೆ, 1932ರಲ್ಲಿ ಎರಡನೆಯದರಲ್ಲೂ ಪ್ರಥಮ ದರ್ಜೆ. ಅಪ್ಪ ಮಗ ಇಬ್ಬರೂ ಮಾತು ಉಳಿಸಿಕೊಂಡರು. ಎಲ್ಲ ಮನೆಗಳಲ್ಲೂ ಇಂಥ ಒಪ್ಪಂದಕ್ಕೆ ಹಣದ ಅನುಕೂಲ ಇರುವುದಿಲ್ಲ ಎಂಬುದು ನಿಜವೇ.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಮದರಾಸಿನಲ್ಲಿ ರಾಮನ್ ಅವರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬಿ.ಎಸ್ಸಿ. ಆನರ್ಸ್ ಓದುತ್ತಿದ್ದರು. ತಂದೆಗೆ ಮಗ ಐಸಿಎಸ್ ಅಧಿಕಾರಿಯಾಗಲಿ ಎಂಬ ಆಸೆ. ಮಗನಿಗೆ ಗಣಿತದ ಹುಚ್ಚು. ಭೌತಶಾಸ್ತ್ರದ ಆನರ್ಸ್ ಎಂಬುದು ಇಬ್ಬರ ನಡುವಿನ ರಾಜಿ. 1928ರಲ್ಲಿ ಜರ್ಮನಿಯ ಪ್ರಾಧ್ಯಾಪಕ ಆರ್ನಲ್ಡ್ ಸೋಮರ್‌ಫೆಲ್ಡ್ ಮದರಾಸಿಗೆ ಬಂದಾಗ ಚಂದ್ರಶೇಖರ್ ನೇರವಾಗಿ ಅವರ ಹೋಟೆಲಿಗೇ ಹೋದರು. ತಾನು ಅವರ ಗ್ರಂಥವನ್ನು ಓದಿ ಮುಗಿಸಿರುವುದಾಗಿ ಹೇಳಿದರು. ಆ ಪುಸ್ತಕ ಬಂದ ಮೇಲೆ ಪರಮಾಣು ಭೌತಶಾಸ್ತ್ರ ಪೂರ್ತಿ ಬದಲಾಗಿದೆ ಎಂದು ಸೋಮರ್‌ಫೆಲ್ಡ್ ತಿಳಿಸಿ, ಇನ್ನೂ ಅಚ್ಚಾಗದ ತಮ್ಮ ಲೇಖನದ ಪ್ರತಿಯನ್ನು ಹುಡುಗನ ಕೈಗಿತ್ತರು. ಆ ಒಂದು ಭೇಟಿ ಪಠ್ಯಕ್ರಮದ ಹಲವು ವರ್ಷಗಳ ಹಿಂದುಳಿಕೆಯನ್ನು ತುಂಬಿತು. ಮರುವರ್ಷವೇ, ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದಾಗಲೇ, ಚಂದ್ರಶೇಖರರ ಲೇಖನ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1930ರಲ್ಲಿ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಅವರು ಕೇಂಬ್ರಿಜ್‌ಗೆ ಹೊರಟರು. ಆ ಹಾದಿ ಅವರನ್ನು 1983ರ ನೊಬೆಲ್ ಬಹುಮಾನದವರೆಗೆ ಕೊಂಡೊಯ್ದಿತು.

ಮೈಸೂರು ಸೀಮೆಯಲ್ಲಿ

ಮೈಸೂರು ಸಂಸ್ಥಾನದ ವಿದ್ಯಾರ್ಥಿಗೆ ವಿಜ್ಞಾನ ಓದುವ ಜಾಗವೆಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಈ ಹೆಸರು ಪಡೆದ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಸಂಸ್ಥಾನದ ಮಕ್ಕಳ ಪರೀಕ್ಷೆ, ಪಠ್ಯ ಎಲ್ಲವೂ ಮದರಾಸಿನಲ್ಲಿ ತೀರ್ಮಾನವಾಗುತ್ತಿದ್ದವು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದರ ಮೊದಲ ವಿಶ್ವವಿದ್ಯಾಲಯ ಅದು. ಮೈಸೂರಿನ ಮಹಾರಾಜಾ ಕಾಲೇಜಿಗೆ ಮಾನವಿಕ ವಿಷಯಗಳು, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ವಿಜ್ಞಾನ ಎಂದು ಕೆಲಸ ಹಂಚಿಕೆಯಾಯಿತು.

ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ಒಬ್ಬರು. 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದವರು ಅವರೇ. ಪ್ರಾಧ್ಯಾಪಕ ಬಿ. ವೆಂಕಟೇಶಾಚಾರ್ ಅವರು ಬೋಧನೆಯ ಜೊತೆಗೆ ರೋಹಿತಗಳ ಅಧ್ಯಯನ ನಡೆಸಿ ಸಂಶೋಧನ ಲೇಖನಗಳನ್ನೂ ಪ್ರಕಟಿಸಿದರು. ರಾಮನ್ ತಮ್ಮ ಹೊಸ ಬೆಳಕಿನ ಶೋಧವನ್ನು ವಿವರವಾಗಿ ವಿದ್ವಾಂಸರ ಮುಂದಿಟ್ಟದ್ದು ಕೂಡ ಈ ಕಾಲೇಜಿನಲ್ಲೇ, 1928ರ ಮಾರ್ಚ್ 16ರಂದು. ಆ ದಿನ ಅಲ್ಲಿದ್ದ ವಿದ್ಯಾರ್ಥಿಗಳಿಗೆ ಎರಡು ವರ್ಷಗಳ ಬಳಿಕ ನೊಬೆಲ್ ಬಹುಮಾನ ತರಲಿದ್ದ ಕೆಲಸದ ವಿವರ ಮನೆ ಬಾಗಿಲಲ್ಲೇ ಕೇಳಲು ಸಿಕ್ಕಿತು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಹೆಚ್. ನರಸಿಂಹಯ್ಯನವರು ಭೌತಶಾಸ್ತ್ರದ ಆನರ್ಸ್ ಓದಿದ್ದು ಇಲ್ಲಿಯೇ. ಬಡತನದಲ್ಲಿ ಓದಿದವರು. 1942ರ ಚಳವಳಿಗೆ ಧುಮುಕಿ ಓದು ನಿಲ್ಲಿಸಿ ಜೈಲಿಗೆ ಹೋಗಿ, ಮರಳಿ ಬಂದು ಪದವಿ ಮುಗಿಸಿದರು. ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮತ್ತೆ ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಬಂದರು. ಅಲ್ಲಿ 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಾರ ವಾರವೂ ವಿಜ್ಞಾನಿಗಳನ್ನು ಕರೆಸಿ ಉಪನ್ಯಾಸ ಮಾಡಿಸಿತು. ಸಂಶೋಧನ ಪ್ರಯೋಗಾಲಯವಿಲ್ಲದ ಸಾಮಾನ್ಯ ಪದವಿ ಕಾಲೇಜೊಂದು ತನ್ನ ವಿದ್ಯಾರ್ಥಿಗಳಿಗೆ ಜೀವಂತ ವಿಜ್ಞಾನದ ಸಂಪರ್ಕವನ್ನು ಹೇಗೆ ಒದಗಿಸಬಹುದು ಎಂಬುದಕ್ಕೆ ಅದೊಂದು ಮಾದರಿ.

ನಿಯಮದ ಗೋಡೆ

ಪ್ರಯೋಗಾಲಯ, ಗುರು, ಒಡನಾಡಿಗಳು ಸಿಕ್ಕರೆ ಸಾಕೆ? ಸಾಲದು ಎಂಬುದನ್ನು ಅನ್ನಾ ಮಣಿಯವರ ಬದುಕು ತೋರಿಸುತ್ತದೆ. ತಿರುವಾಂಕೂರಿನಲ್ಲಿ ಹುಟ್ಟಿದ ಅವರು 1939ರಲ್ಲಿ ಮದರಾಸಿನಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಬಿ.ಎಸ್ಸಿ. ಆನರ್ಸ್ ಮುಗಿಸಿದರು. 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ರಾಮನ್ 1933ರಲ್ಲಿ ಅಲ್ಲಿ ಭೌತಶಾಸ್ತ್ರ ವಿಭಾಗವನ್ನು ಆರಂಭಿಸಿದ್ದರು. ಅವರ ಕೈಕೆಳಗೆ ಅನ್ನಾ ಮಣಿ ವಜ್ರ ಮತ್ತು ಮಾಣಿಕ್ಯಗಳ ಹೊಳಪನ್ನು ಕುರಿತು ಅಧ್ಯಯನ ಮಾಡಿದರು. ಛಾಯಾಫಲಕದ ಮೇಲೆ ರೋಹಿತ ಮೂಡಲು ಹದಿನೈದು ಇಪ್ಪತ್ತು ಗಂಟೆ ಬೇಕಾಗುತ್ತಿದ್ದುದರಿಂದ ಎಷ್ಟೋ ರಾತ್ರಿಗಳನ್ನು ಪ್ರಯೋಗಾಲಯದಲ್ಲೇ ಕಳೆದರು. ಐದು ಲೇಖನಗಳನ್ನು ಪ್ರಕಟಿಸಿ, 1945ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಸಲ್ಲಿಸಿದರು. ಆಗ ಇನ್‌ಸ್ಟಿಟ್ಯೂಟ್‌ಗೆ ಸ್ವತಃ ಡಾಕ್ಟರೇಟ್ ಪದವಿ ಕೊಡುವ ಅಧಿಕಾರವಿರಲಿಲ್ಲ.

ವಿಶ್ವವಿದ್ಯಾಲಯ ಪದವಿ ನಿರಾಕರಿಸಿತು. ಕಾರಣ, ಅವರ ಬಳಿ ಎಂ.ಎಸ್ಸಿ. ಇರಲಿಲ್ಲ. ಆನರ್ಸ್ ಪದವಿಯ ಬಲದ ಮೇಲೆ ಸಂಶೋಧನೆಗೆ ವಿದ್ಯಾರ್ಥಿವೇತನ ಸಿಕ್ಕಿತ್ತು. ಆದರೆ ಡಾಕ್ಟರೇಟ್ ಪಡೆಯಲು ಅದೇ ಆನರ್ಸ್ ಸಾಲದಾಯಿತು. ಅನ್ನಾ ಮಣಿ ಕುಗ್ಗಲಿಲ್ಲ. ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿಷಯ ಕಲಿತರು. 1948ರಲ್ಲಿ ಮರಳಿ ಹವಾಮಾನ ಇಲಾಖೆ ಸೇರಿ, ಮಳೆ, ಗಾಳಿ, ಬಿಸಿಲನ್ನು ಅಳೆಯುವ ಉಪಕರಣಗಳು ದೇಶದಲ್ಲೇ ತಯಾರಾಗುವಂತೆ ಮಾಡಿದವರಲ್ಲಿ ಪ್ರಮುಖರಾದರು. ಡಾಕ್ಟರೇಟ್ ಮಾತ್ರ ಅವರಿಗೆ ಕೊನೆಗೂ ಬರಲಿಲ್ಲ.

ಬೇರೆಯಾದ ಪಾಠ ಮತ್ತು ಸಂಶೋಧನೆ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಇನ್ನೊಂದು ದೊಡ್ಡ ತಿರುವು ಬಂತು. 1939ರಲ್ಲಿ ರಜೆಗೆಂದು ಊರಿಗೆ ಬಂದ ಭಾಭಾ ಯುದ್ಧದ ಕಾರಣ ಮರಳಲಾಗದೆ ಬೆಂಗಳೂರಿನಲ್ಲಿ ರಾಮನ್ ಅವರ ವಿಭಾಗ ಸೇರಿದ್ದರು. ಅವರು 1945ರಲ್ಲಿ ಆರಂಭಿಸಿದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಮೊದಲು ಕೆಲಸ ಶುರು ಮಾಡಿದ್ದು ಬೆಂಗಳೂರಿನಲ್ಲೇ. ಅದೇ ವರ್ಷ ಅದು ಮುಂಬಯಿಗೆ ಹೋಯಿತು. ಮುಂದೆ ರಾಷ್ಟ್ರೀಯ ಪ್ರಯೋಗಾಲಯಗಳೂ ಪರಮಾಣು ಶಕ್ತಿ ಇಲಾಖೆಯ ಕೇಂದ್ರಗಳೂ ಹುಟ್ಟಿದವು. ಒಳ್ಳೆಯ ಉಪಕರಣ, ಒಳ್ಳೆಯ ಸಂಬಳ, ಒಳ್ಳೆಯ ವಿಜ್ಞಾನಿಗಳು ಅಲ್ಲಿಗೆ ಹರಿದರು. ಸಂಶೋಧನೆ ವಿಶ್ವವಿದ್ಯಾಲಯಗಳ ಒಳಗೇ ಬೆಳೆಯಬೇಕೆಂದು ಮೇಘನಾದ ಸಾಹಾ ವಾದಿಸಿದ್ದರು. ಆ ವಾದ ಗೆಲ್ಲಲಿಲ್ಲ.

ಇದರ ಫಲವನ್ನು ಉಂಡವನು ಪದವಿ ವಿದ್ಯಾರ್ಥಿ. ಸಂಶೋಧನೆ ನಡೆಯುವಲ್ಲಿ ಬಿ.ಎಸ್ಸಿ. ಇಲ್ಲ, ಬಿ.ಎಸ್ಸಿ. ಇರುವಲ್ಲಿ ಸಂಶೋಧನೆ ಇಲ್ಲ. ಕರ್ನಾಟಕದಲ್ಲಿ ಹಳೆಯ ಆನರ್ಸ್ ಹಿಂದೆ ಸರಿದು, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರಕ್ಕೂ ಸಮಪಾಲು ಕೊಡುವ ‘ಪಿಸಿಎಂ’ ಬಿ.ಎಸ್ಸಿ. ಮನೆಮಾತಾಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಸೆಂಟ್ರಲ್ ಕಾಲೇಜು ಅದರ ಭಾಗವಾಯಿತು. ನೂರಾರು ಸಂಯೋಜಿತ ಕಾಲೇಜುಗಳಲ್ಲಿ ನಿಷ್ಠೆಯಿಂದ ಪಾಠ ಹೇಳಿದ ಮೇಷ್ಟರುಗಳು ಇದ್ದರು, ಈಗಲೂ ಇದ್ದಾರೆ. ಆದರೆ 1857ರ ವ್ಯವಸ್ಥೆ ಮೂಲದಲ್ಲಿ ಬದಲಾಗಲಿಲ್ಲ. ಪ್ರಶ್ನೆಪತ್ರಿಕೆ ದೂರದಲ್ಲೆಲ್ಲೋ ಸಿದ್ಧವಾಗುತ್ತದೆ, ಪಾಠ ಅದರ ಹಿಂದೆ ಓಡುತ್ತದೆ.

ಈ ಒಡಕನ್ನು ಮುಚ್ಚುವ ಪ್ರಯತ್ನ ನಡೆದದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. 2006ರಲ್ಲಿ ಪುಣೆ ಮತ್ತು ಕೋಲ್ಕತ್ತಗಳಲ್ಲಿ ಐಸರ್ ಎಂದು ಕರೆಯಲಾಗುವ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಗಳು ಆರಂಭವಾದವು. ಬಳಿಕ ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬರ್ಹಾಂಪುರಗಳಲ್ಲೂ ಬಂದವು. ಭುವನೇಶ್ವರದಲ್ಲಿ 2007ರಲ್ಲಿ ನೈಸರ್ ಆರಂಭವಾಯಿತು. ಪಿಯುಸಿ ಮುಗಿಸಿದವರನ್ನೇ ಸೇರಿಸಿಕೊಂಡು, ಸಂಶೋಧನೆ ಮಾಡುವವರಿಂದಲೇ ಪಾಠ ಹೇಳಿಸಿ, ಕೊನೆಯ ವರ್ಷ ಸ್ವತಃ ಸಂಶೋಧನೆ ಮಾಡಿಸುವುದು ಇವುಗಳ ಉದ್ದೇಶ. 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯೂ 2011ರಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿ ಆರಂಭಿಸಿತು. ಅಂದರೆ ಪಿಯುಸಿ ಮುಗಿಸಿದವರು ವಿಜ್ಞಾನ ಪದವಿಗೆಂದು ಅದರ ಬಾಗಿಲು ದಾಟಲು ನೂರು ವರ್ಷದ ಮೇಲೆ ಕಾಯಬೇಕಾಯಿತು.

ಆದರೆ ಈ ಸಂಸ್ಥೆಗಳಲ್ಲಿ ಸೀಟುಗಳು ಕಡಿಮೆ, ಪ್ರವೇಶ ಪರೀಕ್ಷೆಗಳು ಕಠಿಣ. ಬಹುಪಾಲು ವಿದ್ಯಾರ್ಥಿಗಳು ಓದುವುದು ಈಗಲೂ ಸಂಯೋಜಿತ ಕಾಲೇಜುಗಳಲ್ಲೇ. ಅಲ್ಲಿ ನಿಯಮಗಳೂ ಸ್ಥಿರವಾಗಿಲ್ಲ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು, 2024ರಲ್ಲಿ ಮೂರು ವರ್ಷದ ಪದವಿಗೆ ಮರಳಲಾಯಿತು. ನಡುವೆ ಸೇರಿದವರ ಪದವಿಯ ಸ್ವರೂಪವೇ ಬೇರೆ.

ಕೇಳಬೇಕಾದ ಪ್ರಶ್ನೆಗಳು

ಈ ಇತಿಹಾಸದ ಬೆಳಕಿನಲ್ಲಿ ನೋಡಿದರೆ, ಕಾಲೇಜು ಹುಡುಕಲು ಹೊರಟ ವಿದ್ಯಾರ್ಥಿ ಕಟ್ಟಡದ ಮುಂದೆ ನಿಂತು ಹೆಸರು ಓದುವುದಕ್ಕಿಂತ ಒಳಗೆ ಹೋಗಿ ಕೆಲವು ಪ್ರಶ್ನೆ ಕೇಳುವುದು ಲೇಸು. ಪ್ರಯೋಗಾಲಯದ ಉಪಕರಣ ಬಳಕೆಯಲ್ಲಿದೆಯೋ ಬೀರುವಿನಲ್ಲಿದೆಯೋ? ನಿಗದಿತ ಪ್ರಯೋಗ ಮುಗಿದ ಮೇಲೆ ಇನ್ನೊಂದು ಗಂಟೆ ಅಲ್ಲಿರಲು ಬಿಡುತ್ತಾರೆಯೆ? ರಾಮನ್‌ಗೆ ಬೇಕಾಗಿದ್ದುದು ಅಷ್ಟೇ. ಪಾಠ ಹೇಳುವವರು ಯಾರು, ಹುದ್ದೆಗಳು ಭರ್ತಿಯಾಗಿವೆಯೇ, ತರಗತಿಯ ಹೊರಗೂ ಅವರು ಮಾತಿಗೆ ಸಿಗುತ್ತಾರೆಯೆ? ಪ್ಲಾಂಕ್ ಬರ್ಲಿನ್‌ನಲ್ಲಿ ಕಂಡುಕೊಂಡ ವ್ಯತ್ಯಾಸ ಇಲ್ಲಿ ನೆನಪಾಗಬೇಕು. ಜೊತೆಗೆ ಓದುವವರಲ್ಲಿ ಈ ವಿಷಯವನ್ನು ಬೇಕೆಂದೇ ಆರಿಸಿಕೊಂಡವರು ಎಷ್ಟು ಜನ? ಬೋಸ್ ಇಲ್ಲದ ಸಾಹಾರನ್ನು ಊಹಿಸುವುದು ಕಷ್ಟ.

ಹೊರಗಿನಿಂದ ಬರುವ ವಿಜ್ಞಾನಿಗಳ ಮಾತು ಕೇಳಲು ದಾರಿ ಇದೆಯೇ ಎಂಬುದೂ ಮುಖ್ಯ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ ಪದವಿ ವಿದ್ಯಾರ್ಥಿಗಳಿಗಾಗಿ ಭೌತಶಾಸ್ತ್ರದ ವಿಶೇಷ ತರಗತಿಗಳನ್ನು ನಡೆಸಿಕೊಂಡು ಬಂದಿದೆ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಅಕಾಡೆಮಿಗಳೊಡನೆ ಸೇರಿ ಬೇಸಿಗೆಯಲ್ಲಿ ಪ್ರಯೋಗಾಲಯಗಳಲ್ಲಿ ದುಡಿಯಲು ವಿದ್ಯಾರ್ಥಿಗಳಿಗೆ ಫೆಲೋಶಿಪ್ ನೀಡುತ್ತ ಬಂದಿದೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಓದುವ ಹುಡುಗಿಗೆ ಸೋಮರ್‌ಫೆಲ್ಡ್ ಹೋಟೆಲಿನಲ್ಲಿ ಸಿಗದಿರಬಹುದು. ಆದರೆ ಇಂಥ ಬಾಗಿಲುಗಳನ್ನು ತಟ್ಟಲು ಅವಳಿಗೆ ಹೇಳಿಕೊಡುವ ಒಬ್ಬ ಮೇಷ್ಟರು ಆ ಕಾಲೇಜಿನಲ್ಲಿದ್ದಾರೆಯೇ ಎಂದು ಸೇರುವ ಮೊದಲೇ ವಿಚಾರಿಸಬಹುದು.

ಕೊನೆಯದಾಗಿ ನಿಯಮಗಳನ್ನು ಓದಬೇಕು. ಈ ಪದವಿ ಎಷ್ಟು ವರ್ಷದ್ದು, ಮುಂದಿನ ಓದಿಗೆ ಎಲ್ಲೆಲ್ಲಿ ಸಾಕು, ಎಲ್ಲಿ ಸಾಲದು ಎಂಬುದನ್ನು ಬರವಣಿಗೆಯಲ್ಲಿ ನೋಡಿಯೇ ಶುಲ್ಕ ಕಟ್ಟಬೇಕು. ಮದರಾಸು ವಿಶ್ವವಿದ್ಯಾಲಯ ಪದವಿ ಕೊಡದ ಅನ್ನಾ ಮಣಿಯವರ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದ ಪ್ರಬಂಧಗಳ ಜೊತೆಯಲ್ಲೇ ಇದೆ. 2011ರಿಂದ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಬಂದು ಸೇರುತ್ತಿರುವ ಟಾಟಾ ಇನ್‌ಸ್ಟಿಟ್ಯೂಟ್ ಅಲ್ಲಿಂದ ಹೆಚ್ಚು ದೂರವಿಲ್ಲ.